14ರೊಳಗಿನ ಫುಟ್‌ಬಾಲ್ ತಂಡ: ಆಡುವ ಸ್ಥಾನ ನೋಡಿ ಫಿಟ್‌ನೆಸ್ ಬೇರೆ ಬೇರೆ ಮಾಡಿಸಬೇಕೇ?

ಬಲಬದಿ_ಕೋಚ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 14 ವರ್ಷದೊಳಗಿನ ಹುಡುಗರ ತಂಡಕ್ಕೆ ಸೀಸನ್‌ಗೆ ಮುಂಚಿನ ಫಿಟ್‌ನೆಸ್ ಪರೀಕ್ಷೆ ಮುಗಿದಿದೆ. ಒಟ್ಟು 22 ಹುಡುಗರು: 2 ಗೋಲ್‌ಕೀಪರ್, 4 ಸೆಂಟರ್ ಬ್ಯಾಕ್, 4 ಫುಲ್ ಬ್ಯಾಕ್, 6 ಮಿಡ್‌ಫೀಲ್ಡರ್, 3 ವಿಂಗರ್, 3 ಸ್ಟ್ರೈಕರ್. ಮಾಡಿಸಿದ್ದು 10 ಮತ್ತು 30 ಮೀಟರ್ ಓಟ (ಸ್ಟಾಪ್‌ವಾಚ್), ನಿಂತಲ್ಲಿಂದ ಮೇಲಕ್ಕೆ ಜಿಗಿತ (ಮೊಬೈಲ್ ವೀಡಿಯೊ), ಟಿ-ಟೆಸ್ಟ್ (ದಿಕ್ಕು ಬದಲಿಸುತ್ತ ಓಡುವ ಚುರುಕಿನ ಪರೀಕ್ಷೆ), ಕೊನೆಗೆ ಯೋ-ಯೋ ಇಂಟರ್‌ಮಿಟೆಂಟ್ ರಿಕವರಿ ಲೆವೆಲ್ 1 (ಬೀಪಿಗೆ ತಕ್ಕಂತೆ ಹೋಗಿ ಬರುವ ದಮ್ಮಿನ ಓಟ).

ಸ್ಥಾನವಾರು ಸರಾಸರಿ ತೆಗೆದರೆ ಚಿತ್ರ ಹೀಗಿದೆ: ಸೆಂಟರ್ ಬ್ಯಾಕ್‌ಗಳು ಎತ್ತರ, ಜಿಗಿತದಲ್ಲೂ ಮುಂದು. ಸ್ಟ್ರೈಕರ್ ಮತ್ತು ವಿಂಗರ್‌ಗಳು 30 ಮೀಟರ್‌ನಲ್ಲಿ ಚುರುಕು. ಯೋ-ಯೋದಲ್ಲಿ ಮಿಡ್‌ಫೀಲ್ಡರ್‌ಗಳು ಎಲ್ಲರಿಗಿಂತ ದೂರ ಓಡಿದ್ದಾರೆ, ಗೋಲ್‌ಕೀಪರ್‌ಗಳು ಕೊನೆಗೆ.

ಮೂರು ಸಂಶಯ. ಈ ವಯಸ್ಸಿನಲ್ಲಿ ಈ ವ್ಯತ್ಯಾಸ ನಿಜವಾಗಿಯೂ ಸ್ಥಾನದಿಂದ ಬಂದದ್ದೇ? ವಾರಕ್ಕೆ 90 ನಿಮಿಷದ ಮೂರು ಅಭ್ಯಾಸಗಳಿವೆ, ಅದರಲ್ಲಿ ಸ್ಥಾನಕ್ಕೊಂದು ಬೇರೆ ಫಿಟ್‌ನೆಸ್ ಪಟ್ಟಿ ಬೇಕೇ? ಈ ಅಂಕಿಗಳನ್ನು ನೋಡಿ ಯಾರನ್ನಾದರೂ ಬೇರೆ ಸ್ಥಾನಕ್ಕೆ ಹಾಕಬಹುದೇ?

ದಮ್ಮು_ಮೀಟರ್

ಸರ್, ನಿಮ್ಮ ಚಿತ್ರ ವಿಚಿತ್ರವೇನಲ್ಲ, ಬಹುತೇಕ ತಂಡಗಳಲ್ಲಿ ಇದೇ ಕಾಣುತ್ತದೆ. ಆದರೆ ಕಾರಣ ಬೇರೆ. ದೊಡ್ಡವರಲ್ಲಿ ಸ್ಥಾನದ ಕೆಲಸವೇ ಆಟಗಾರನ ದೇಹವನ್ನು ತಿದ್ದಿರುತ್ತದೆ. ವಯಸ್ಕರ ಪಂದ್ಯದಲ್ಲಿ ನಡುವಿನ ಮಿಡ್‌ಫೀಲ್ಡರ್ ಸುಮಾರು 11–12 ಕಿಲೋಮೀಟರ್ ಓಡುತ್ತಾನೆ, ಸೆಂಟರ್ ಬ್ಯಾಕ್ 10ರ ಆಸುಪಾಸು, ಗೋಲ್‌ಕೀಪರ್ ಅದರ ಅರ್ಧದಷ್ಟು. ಜೋರು ಓಟದ ಪಾಲು ಹೆಚ್ಚಿರುವುದು ಬದಿಯಲ್ಲಿ ಆಡುವವರಿಗೆ. ಹತ್ತಾರು ವರ್ಷ ಹೀಗೆ ಆಡಿದರೆ ದಮ್ಮು, ವೇಗ ಎರಡೂ ಅದಕ್ಕೆ ಹೊಂದಿಕೊಳ್ಳುತ್ತವೆ.

13 ವರ್ಷದ ಹುಡುಗ ಹಾಗೆ ಹೊಂದಿಕೊಳ್ಳುವಷ್ಟು ಕಾಲ ಆ ಸ್ಥಾನದಲ್ಲಿ ಆಡಿಯೇ ಇಲ್ಲ. ಅಲ್ಲಿ ನಡೆದಿರುವುದು ಆಯ್ಕೆ. ಬೇಗ ಬೆಳೆದವನನ್ನು ಹಿಂದೆ ನಿಲ್ಲಿಸಿದ್ದಾರೆ, ಬೇಗ ಬೆಳೆದು ವೇಗವೂ ಇದ್ದವನನ್ನು ಮುಂದೆ ಹಾಕಿದ್ದಾರೆ, ಇನ್ನೂ ಚಿಕ್ಕದಾಗಿರುವ ಚುರುಕು ಹುಡುಗ ನಡುವೆ ಅಥವಾ ಬದಿಗೆ ಹೋಗಿದ್ದಾನೆ. ಆಮೇಲೆ ಪರೀಕ್ಷೆ ಮಾಡಿದರೆ ಸೆಂಟರ್ ಬ್ಯಾಕ್ ಹೆಚ್ಚು ಜಿಗಿಯುತ್ತಾನೆ ಎಂದು ಬರದೆ ಇನ್ನೇನು ಬರುತ್ತದೆ? ಅಳೆದದ್ದು ಸ್ಥಾನವನ್ನಲ್ಲ, ಯಾರು ಎಷ್ಟು ಬೇಗ ಬೆಳೆದರು ಎಂಬುದನ್ನು.

ಹುಡುಗರಲ್ಲಿ ಎತ್ತರ ಅತಿ ವೇಗವಾಗಿ ಏರುವ ಘಟ್ಟ ಸರಾಸರಿ 14ರ ಹತ್ತಿರ ಬರುತ್ತದೆ, ಒಬ್ಬೊಬ್ಬರಲ್ಲಿ ಎರಡು ವರ್ಷ ಹಿಂದೆ ಮುಂದೆ. ಅಂದರೆ ನಿಮ್ಮ ತಂಡದಲ್ಲಿ ಆ ಘಟ್ಟ ದಾಟಿದವರೂ ಇದ್ದಾರೆ, ಹತ್ತಿರಕ್ಕೇ ಬಾರದವರೂ ಇದ್ದಾರೆ. ಒಂದೇ ವರ್ಷ ಹುಟ್ಟಿದವರ ಮೂಳೆಯ ವಯಸ್ಸಿನಲ್ಲಿ ಮೂರು-ನಾಲ್ಕು ವರ್ಷದ ಅಂತರ ಇರಬಹುದು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ವಯೋಮಿತಿ ತಂಡಗಳಲ್ಲಿ ಹೆಚ್ಚು ಕಾಣುವುದು ಇದರ ಜೊತೆಗೆ ಸೇರುವ ಇನ್ನೊಂದು ಓರೆ.

ಹಾಗಾಗಿ ಸ್ಥಾನದ ಕಾಲಮ್ಮಿನ ಪಕ್ಕದಲ್ಲಿ ಬೆಳವಣಿಗೆಯ ಕಾಲಮ್ಮು ಹಾಕಿ. ಎತ್ತರ ಮತ್ತು ವಯಸ್ಸು ಎರಡೇ ಸಾಕಾಗುವ, 2015ರಲ್ಲಿ ಬಂದ ಸರಳ ಸೂತ್ರ ಇದೆ. ಹುಡುಗರಿಗೆ:

ಘಟ್ಟದಿಂದ ದೂರ (ವರ್ಷ) = −7.999994 + 0.0036124 × (ವಯಸ್ಸು × ಎತ್ತರ ಸೆಂ.ಮೀ.)

ವಯಸ್ಸನ್ನು ದಶಮಾಂಶದಲ್ಲಿ ಬರೆಯಬೇಕು, 13 ವರ್ಷ 7 ತಿಂಗಳು ಎಂದರೆ 13.6. ಉದಾಹರಣೆಗೆ 13.6 ವರ್ಷದ ಇಬ್ಬರನ್ನು ತೆಗೆದುಕೊಳ್ಳಿ. 150 ಸೆಂ.ಮೀ. ಇರುವವನಿಗೆ ಉತ್ತರ −0.6, ಅಂದರೆ ಘಟ್ಟಕ್ಕೆ ಇನ್ನೂ ಅರ್ಧ ವರ್ಷಕ್ಕಿಂತ ಹೆಚ್ಚು ಬಾಕಿ. 172 ಸೆಂ.ಮೀ. ಇರುವವನಿಗೆ +0.5, ದಾಟಿ ಅರ್ಧ ವರ್ಷವಾಗಿದೆ. ಸೂತ್ರಕ್ಕೆ ಸುಮಾರು ಅರ್ಧ ವರ್ಷದ ಏರುಪೇರು ಇದ್ದೇ ಇದೆ. ತೀರಾ ಬೇಗ ಅಥವಾ ತೀರಾ ತಡವಾಗಿ ಬೆಳೆಯುವವರನ್ನು ಅದು ಸರಾಸರಿಯ ಕಡೆಗೆ ಎಳೆದು ತೋರಿಸುತ್ತದೆ. ಆದ್ದರಿಂದ ‘ಮುಂಚೆ’, ‘ಘಟ್ಟದಲ್ಲಿ’, ‘ದಾಟಿದವರು’ ಎಂಬ ಮೂರು ಗುಂಪು ಮಾಡುವುದಕ್ಕಷ್ಟೇ ಬಳಸಿ. −0.5ರಿಂದ +0.5ರವರೆಗೆ ನಡುವಿನ ಗುಂಪು. ತಂದೆ ತಾಯಿಯ ಎತ್ತರ ಸಿಗುವುದಾದರೆ ಖಾಮಿಸ್-ರೋಷ್ ವಿಧಾನದಲ್ಲಿ, ಹುಡುಗ ದೊಡ್ಡವನಾದಾಗಿನ ಎತ್ತರದ ಎಷ್ಟು ಶೇಕಡಾ ಈಗ ಮುಟ್ಟಿದ್ದಾನೆ ಎಂದು ತೆಗೆಯಬಹುದು. ಅದು ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಈಗ ಅದೇ ಅಂಕಿಗಳನ್ನು ಗುಂಪಿನೊಳಗೆ ಹೋಲಿಸಿ ನೋಡಿ. ಸ್ಥಾನಗಳ ಅಂತರ ಬಹಳಷ್ಟು ಕರಗುತ್ತದೆ. ಸಾಮಾನ್ಯವಾಗಿ ಉಳಿಯುವುದು ಎರಡು: ಗೋಲ್‌ಕೀಪರ್‌ಗಳ ಯೋ-ಯೋ ಕಡಿಮೆ ಇರುವುದು, ಮಿಡ್‌ಫೀಲ್ಡರ್‌ಗಳದ್ದು ತುಸು ಹೆಚ್ಚಿರುವುದು. ಈ ಎರಡು ಮಾತ್ರ ಅಭ್ಯಾಸದ ರೀತಿಯಿಂದ ಬಂದಿರಲು ಸಾಧ್ಯ.

ತೂಕವನ್ನೂ ಮರೆಯಬೇಡಿ. ಕೊನೆಯ 10 ಮೀಟರನ್ನು ಇಬ್ಬರೂ 1.40 ಸೆಕೆಂಡಿನಲ್ಲಿ ಓಡಿದರೆ ವೇಗ ಇಬ್ಬರದ್ದೂ ಸೆಕೆಂಡಿಗೆ 7.14 ಮೀಟರ್. ಆದರೆ 42 ಕಿಲೋ ಹುಡುಗನ ಸಂವೇಗ (ತೂಕ × ವೇಗ) 300, 58 ಕಿಲೋ ಹುಡುಗನದ್ದು 414. ಚೆಂಡಿಗಾಗಿ ಭುಜಕ್ಕೆ ಭುಜ ತಾಗಿದಾಗ ಗೆಲ್ಲುವುದು ಯಾರು ಎಂದು ಸಮಯದ ಕಾಲಮ್ಮು ಹೇಳುವುದಿಲ್ಲ. ಡಿಫೆಂಡರ್‌ಗಳ ಪಟ್ಟಿಯಲ್ಲಿ ಈ ಅಂಕಿಯೂ ಇರಲಿ.

ಶಿಳ್ಳೆ_ಗಡಿಯಾರ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಅದಕ್ಕೂ ಮುಂಚಿನ ಪ್ರಶ್ನೆ: ಆ ಅಂಕಿಗಳನ್ನು ನಂಬಬಹುದೇ? ಸ್ಟಾಪ್‌ವಾಚ್ ಎಂದು ಓದಿದೊಡನೆ ನಿಲ್ಲಬೇಕಾಯಿತು.

ಕೈಯಲ್ಲಿ ಒತ್ತುವ ಗಡಿಯಾರ ಓಟಗಾರ ದಾಟಿದೊಡನೆ ತಾನೇ ಸಮಯ ಹಿಡಿಯುವ ಎಲೆಕ್ಟ್ರಾನಿಕ್ ಗೇಟಿಗಿಂತ ಸುಮಾರು 0.2 ಸೆಕೆಂಡು ಕಡಿಮೆ ತೋರಿಸುತ್ತದೆ, ಅದೂ ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಅಲ್ಲ. 10 ಮೀಟರ್ ಓಟದಲ್ಲಿ ತಂಡದ ಸ್ಥಾನಗಳ ನಡುವಿನ ಅಂತರವೇ ಸೆಕೆಂಡಿನ ಹತ್ತನೇ ಒಂದೆರಡು ಭಾಗ. ಅಳತೆಯ ತಪ್ಪು ಅಂತರದಷ್ಟೇ ದೊಡ್ಡದಾದ ಮೇಲೆ 10 ಮೀಟರ್ ಕಾಲಮ್ಮನ್ನು ಅಳಿಸಿಬಿಡುವುದೇ ಲೇಸು. ಗೇಟ್ ಇಲ್ಲದಿದ್ದರೆ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವೀಡಿಯೊ ತೆಗೆಯಿರಿ. ಫೋನನ್ನು ಟ್ರೈಪಾಡ್ ಮೇಲೆ ಓಟದ ದಾರಿಗೆ ಅಡ್ಡವಾಗಿ, ದೂರದಲ್ಲಿ ಇಡಿ. ಗೆರೆ ದಾಟುವ ಜಾಗದಲ್ಲಿ ಕೋನ್ ಬದಲು ಎತ್ತರದ ಕಂಬ ನೆಡಿ. ಫೋನಿನ ಕಣ್ಣಿಗೆ ಕಂಬವೂ ಗೆರೆಯೂ ಒಂದೇ ನೇರದಲ್ಲಿಲ್ಲದಿದ್ದರೆ ಸೊಂಟ ಕಂಬ ದಾಟಿದಂತೆ ಕಂಡರೂ ಇನ್ನೂ ದಾಟಿರುವುದಿಲ್ಲ, ಕಂಬದ ಜಾಗವನ್ನು ಅದಕ್ಕೆ ತಕ್ಕಂತೆ ಸರಿಸಿ. ಎಲ್ಲರೂ ಮೊದಲ ಗೆರೆಗಿಂತ 50 ಸೆಂ.ಮೀ. ಹಿಂದೆ ಮುಂಗಾಲಿಟ್ಟು ನಿಂತು, ಹಿಂದಕ್ಕೆ ತೂಗದೆ ಹೊರಡಬೇಕು. ಹಾಗೆ ತೂಗಿ ಹೊರಟರೆ ಹುಡುಗ ಗೆರೆಯನ್ನು ವೇಗದಲ್ಲೇ ದಾಟುತ್ತಾನೆ, ಸಮಯ ಸುಳ್ಳಾಗಿ ಕಡಿಮೆ ಬರುತ್ತದೆ. ಮೂರು ಓಟ, ನಡುವೆ 3 ನಿಮಿಷ ಬಿಡುವು, ಉತ್ತಮವಾದದ್ದನ್ನು ಬರೆದುಕೊಳ್ಳಿ.

ಜಿಗಿತದಲ್ಲೂ ಫ್ರೇಮಿನದ್ದೇ ತೊಂದರೆ. ಎತ್ತರವನ್ನು ಗಾಳಿಯಲ್ಲಿದ್ದ ಸಮಯದಿಂದ ತೆಗೆಯುತ್ತೇವೆ: 9.81 × ಸಮಯದ ವರ್ಗ ÷ 8. ಗಾಳಿಯಲ್ಲಿ 0.50 ಸೆಕೆಂಡು ಇದ್ದರೆ 30.7 ಸೆಂ.ಮೀ. ಮೊಬೈಲಿನ ಮಾಮೂಲಿ 30 ಫ್ರೇಮ್ ವೀಡಿಯೊದಲ್ಲಿ ಒಂದೇ ಒಂದು ಫ್ರೇಮ್ ಆಚೀಚೆ ಆದರೆ ಅದೇ ಜಿಗಿತ 34.9 ಆಗುತ್ತದೆ. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ, ಹುಡುಗ ಏನೂ ಮಾಡದೆ. 240 ಫ್ರೇಮಿನಲ್ಲಿ ಇದು ಅರ್ಧ ಸೆಂ.ಮೀ.ಗೆ ಇಳಿಯುತ್ತದೆ. ಕೈಗಳು ಸೊಂಟದ ಮೇಲೆ ಅಂಟಿರಬೇಕು. ಇಳಿಯುವಾಗ ಕಾಲು ನೇರ ಇರಬೇಕು. ಮಂಡಿ ಮಡಿಸಿ ಇಳಿದರೆ ಪಾದ ನೆಲ ಮುಟ್ಟುವುದು ತಡವಾಗಿ, ಅಂಕಿ ಉಬ್ಬುತ್ತದೆ. ಅಂಥ ಜಿಗಿತವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮಾಡಿಸಿ.

ಟಿ-ಟೆಸ್ಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. 9.14 ಮೀಟರ್ ಮುಂದೆ, 4.57 ಬದಿಗೆ, 9.14 ಇನ್ನೊಂದು ಬದಿಗೆ, 4.57 ನಡುವಿಗೆ, 9.14 ಹಿಮ್ಮುಖ. ಅರ್ಧ ಹುಡುಗರು ಬದಿ ನಡೆಯಲ್ಲಿ ಕಾಲು ಅಡ್ಡ ಹಾಕುತ್ತಾರೆ, ಇನ್ನರ್ಧ ಕೋನ್ ಮುಟ್ಟುವುದಿಲ್ಲ. ಅದರ ಬದಲು 505 ಮಾಡಿಸಿ. 10 ಮೀಟರ್ ಓಡಿ ಬಂದು ಗೇಟ್ ದಾಟಬೇಕು, ಮುಂದಿನ 5 ಮೀಟರ್ ಗೆರೆಯಲ್ಲಿ ಒಂದು ಕಾಲೂರಿ ತಿರುಗಿ ಮತ್ತೆ ಗೇಟಿಗೆ ಬರಬೇಕು. ಎಡಗಾಲಿನಲ್ಲಿ ತಿರುಗಿದ್ದು, ಬಲಗಾಲಿನಲ್ಲಿ ತಿರುಗಿದ್ದು ಬೇರೆ ಬೇರೆ ಬರೆಯಿರಿ. ಆ ಸಮಯದಿಂದ ನೇರ 10 ಮೀಟರ್ ಓಟದ ಸಮಯ ಕಳೆದರೆ ತಿರುವಿಗೆ ಎಷ್ಟು ತೆತ್ತ ಎಂದು ತಿಳಿಯುತ್ತದೆ. ವೇಗವಾಗಿ ಓಡುವವನು ತಿರುವಿನಲ್ಲೂ ಚುರುಕು ಎಂಬ ಊಹೆ ಇಲ್ಲಿ ಎಷ್ಟೋ ಸಲ ಸುಳ್ಳಾಗುತ್ತದೆ. ಬಿರುಸಾಗಿ ಬಂದವನು ಹೆಚ್ಚು ಬ್ರೇಕ್ ಹಾಕಬೇಕಲ್ಲ!

ಯೋ-ಯೋ ಯಾವಾಗಲೂ ಕೊನೆಗೆ, ಸಾಧ್ಯವಾದರೆ ಬೇರೆ ದಿನ. 20+20 ಮೀಟರ್ ಓಟ, ಆಮೇಲೆ 10 ಸೆಕೆಂಡಿನಲ್ಲಿ 5 ಮೀಟರ್ ಹೋಗಿ ಬರುವ ನಡಿಗೆ. ಶುರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ. ಎರಡನೇ ಸಲ ಬೀಪಿಗೆ ಗೆರೆ ತಪ್ಪಿದರೆ ಮುಗಿಯಿತು. ಗಡಿ ನೋಡುವವರು ಎರಡೂ ತುದಿಯಲ್ಲಿ ಇರಲಿ, ಒಬ್ಬರೇ ಇದ್ದರೆ ಆಚೆ ತುದಿಯಲ್ಲಿ ಎಲ್ಲರೂ ಅರ್ಧ ಹೆಜ್ಜೆ ಉಳಿಸುತ್ತಾರೆ. ಬಂದ ದೂರವನ್ನು, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಂಕಿಗೆ ಬದಲಾಯಿಸುವ ಸೂತ್ರ (ದೂರ × 0.0084 + 36.4) ದೊಡ್ಡವರ ಮೇಲೆ ಮಾಡಿದ್ದು. ಹುಡುಗರಿಗೆ ಮೀಟರ್‌ನಲ್ಲೇ ಇಟ್ಟುಕೊಳ್ಳಿ.

ಕೊನೆಯದಾಗಿ, ಇಬ್ಬರು ಗೋಲ್‌ಕೀಪರ್‌ಗಳ ‘ಸರಾಸರಿ’ ಸರಾಸರಿಯೇ ಅಲ್ಲ. ಒಬ್ಬನಿಗೆ ಆ ದಿನ ನಿದ್ದೆ ಆಗಿರದಿದ್ದರೆ ಇಡೀ ಸ್ಥಾನದ ಅಂಕಿ ಬಿದ್ದುಹೋಗುತ್ತದೆ. ಸ್ಥಾನದ ಸರಾಸರಿ ಬಿಟ್ಟು, ಪ್ರತಿ ಹುಡುಗನ ಹೆಸರಿನ ಮುಂದೆ ಅವನ ಹಿಂದಿನ ಅಂಕಿ ಇಡಿ. ತಂಡದ ಪ್ರಮಾಣಿತ ವಿಚಲನದ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಐದನೇ ಒಂದು ಭಾಗಕ್ಕಿಂತ ಕಡಿಮೆ ಬದಲಾವಣೆಯನ್ನು ಬದಲಾವಣೆ ಎನ್ನಬೇಡಿ. ವಿಚಲನ 0.20 ಸೆಕೆಂಡು ಇದ್ದರೆ 0.04ರ ಒಳಗಿನದ್ದೆಲ್ಲ ಗದ್ದಲ.

ಬಲಬದಿ_ಕೋಚ್

ಇಬ್ಬರಿಗೂ ಧನ್ಯವಾದ. ಜಿಗಿತದ ವೀಡಿಯೊ 30 ಫ್ರೇಮಿನದ್ದೇ, ಅದನ್ನು ಮತ್ತೆ ಮಾಡಿಸುತ್ತೇನೆ. ಹಾಗಾದರೆ ಮೂರು ಅಭ್ಯಾಸದ ವಾರದಲ್ಲಿ ಸ್ಥಾನದ ಕೆಲಸಕ್ಕೆ ಜಾಗ ಎಷ್ಟು? ಗೋಲ್‌ಕೀಪರ್‌ಗಳನ್ನು ಎಲ್ಲರ ಜೊತೆ ಓಡಿಸುತ್ತಲೇ ಇರಬೇಕೇ?

ಆರುಗಜ_ಪೆಟ್ಟಿಗೆ

ಈ ವಯಸ್ಸಿಗೆ 90 ನಿಮಿಷದಲ್ಲಿ 10–15 ನಿಮಿಷ ಸ್ಥಾನದ ಕೆಲಸ ಸಾಕು, ಅದೂ ವಾರದ ಎರಡು ದಿನ. ಮಿಕ್ಕಿದ್ದು ಎಲ್ಲರಿಗೂ ಒಂದೇ. 16 ದಾಟಿದ ಮೇಲೆ ಪಾಲು ಹೆಚ್ಚಿಸಿ.

ಮೂರೂ ದಿನ ಶುರುವಿಗೆ ಫಿಫಾ 11+ (ಗಾಯ ತಡೆಯಲೆಂದೇ ಮಾಡಿದ ವಾರ್ಮ್-ಅಪ್) ಮಾಡಿಸಿ: 8 ನಿಮಿಷ ಓಟ, 10 ನಿಮಿಷ ಬಲ-ಜಿಗಿತ-ಸಮತೋಲನ, 2 ನಿಮಿಷ ಜೋರು ಓಟ. ನಡುವಿನ 10 ನಿಮಿಷವನ್ನು ಬಿಟ್ಟು ಬರೀ ಓಟ ಮಾಡಿಸುವವರೇ ಹೆಚ್ಚು, ಆದರೆ ಗಾಯ ತಡೆಯುವ ಕೆಲಸ ಇರುವುದೇ ಅಲ್ಲಿ. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ವಾಲುವ, ತೊಡೆಯ ಹಿಂಭಾಗದ ವ್ಯಾಯಾಮ) ಶುರು ಮಾಡುವಾಗ 3–5 ಸಲಕ್ಕಿಂತ ಹೆಚ್ಚು ಬೇಡ. ಮೊದಲ ದಿನವೇ 10 ಮಾಡಿಸಿದರೆ ಎರಡು ದಿನ ತೊಡೆ ಹಿಡಿದುಕೊಳ್ಳುತ್ತದೆ, ಹುಡುಗರು ಆ ವ್ಯಾಯಾಮವನ್ನೇ ದ್ವೇಷಿಸುತ್ತಾರೆ.

ದಮ್ಮಿಗೆ ಮೈದಾನದ ಸುತ್ತ ಓಡಿಸುವುದು ಬೇಡ. ಸುಮಾರು 32 × 24 ಮೀಟರ್ ಜಾಗದಲ್ಲಿ ನಾಲ್ವರ ಮೇಲೆ ನಾಲ್ವರು, 4 ನಿಮಿಷದ ನಾಲ್ಕು ಆಟ, ನಡುವೆ 3 ನಿಮಿಷ ಬಿಡುವು. ಚೆಂಡು ಹೊರಗೆ ಹೋದ ಕೂಡಲೇ ಒಳಗೆ ಎಸೆಯಲು ಬದಿಯಲ್ಲಿ ಹೆಚ್ಚಿನ ಚೆಂಡುಗಳಿರಲಿ, ಇಲ್ಲವಾದರೆ 4 ನಿಮಿಷದಲ್ಲಿ ಒಂದು ನಿಮಿಷ ಚೆಂಡು ತರುವುದಕ್ಕೇ ಹೋಗುತ್ತದೆ. ಒಂದು ಎಚ್ಚರ: ಚಿಕ್ಕ ಜಾಗದಲ್ಲಿ ಯಾರೂ ಪೂರ್ತಿ ವೇಗಕ್ಕೆ ಏರುವುದಿಲ್ಲ. ಅದಕ್ಕಾಗಿ ಬೇರೆ ದಿನ ತಾಜಾ ಕಾಲಿನಲ್ಲಿ 20–30 ಮೀಟರ್ ಓಟ 5–6 ಸಲ ಎಲ್ಲರಿಗೂ ಬೇಕು, ನಡುವೆ ಒಂದೂವರೆ-ಎರಡು ನಿಮಿಷ ಬಿಡುವು ಕೊಟ್ಟು. ಬಿಡುವು ಕಡಿಮೆ ಮಾಡಿದರೆ ಅದು ವೇಗದ ಅಭ್ಯಾಸವಾಗದೆ ದಣಿಯುವ ಅಭ್ಯಾಸವಾಗುತ್ತದೆ.

ಸ್ಥಾನದ ಹೊತ್ತು ಹೀಗೆ ಬಳಸಬಹುದು. ಸೆಂಟರ್ ಬ್ಯಾಕ್: ಹಿಮ್ಮುಖ 5 ಮೀಟರ್, ಸೊಂಟ ತಿರುಗಿಸಿ 15 ಮೀಟರ್ ಓಟ, ಕೊನೆಗೆ ಒಂದು ಕಾಲಿನಲ್ಲಿ ಎದ್ದು ಜಿಗಿತ, ಎಡಕ್ಕೆ 3 ಬಲಕ್ಕೆ 3. ಜಿಗಿದಾಗ ಚೆಂಡನ್ನು ತಲೆಯಿಂದ ಹೊಡೆಯುವ ಬದಲು ಕೈಯಲ್ಲಿ ಹಿಡಿಯಲಿ. ಸಮಯ ಹಿಡಿಯುವ ಕಲೆ ಅದರಲ್ಲೇ ಬರುತ್ತದೆ, ತಲೆಗೆ ಪೆಟ್ಟು ಕೂಡುವುದಿಲ್ಲ. ಬದಿಯವರಿಗೆ 35–40 ಮೀಟರ್ ಬಾಗಿದ ಓಟ, ಕೊನೆಯಲ್ಲಿ ಕ್ರಾಸ್, ನಡೆದು ವಾಪಸ್, 4 ಸಲ. ಸ್ಟ್ರೈಕರ್‌ಗೆ ಡಿಫೆಂಡರ್ ಬೆನ್ನಿಗಿರುವಾಗ ಎರಡು ಹೆಜ್ಜೆ ಒಂದು ಕಡೆ, ಥಟ್ಟನೆ 7–8 ಮೀಟರ್ ಇನ್ನೊಂದು ಕಡೆ. ನಡುವಿನವರಿಗೆ ಬೇರೆ ಫಿಟ್‌ನೆಸ್ ಬೇಡ, ಆಟದಲ್ಲೇ ಅವರಿಗೆ ಹೆಚ್ಚು ಸಿಗುತ್ತದೆ. ಆ ಹೊತ್ತಿನಲ್ಲಿ ತಲೆ ತಿರುಗಿಸಿ ನೋಡಿ ಚೆಂಡು ಪಡೆಯುವುದನ್ನು ಮಾಡಿಸಿ.

ಗೋಲ್‌ಕೀಪರ್ ವಿಷಯಕ್ಕೆ ಬಂದರೆ, ಅವನ ಕೆಲಸ ಹೆಚ್ಚೆಂದರೆ ಐದಾರು ಸೆಕೆಂಡಿನದ್ದು: 3–5 ಮೀಟರ್ ಬದಿ ಹೆಜ್ಜೆ, ಹಾರು, ಏಳು, ಮತ್ತೊಂದು ಚೆಂಡು. ಹಾಗಾಗಿ 6 ಸೆಕೆಂಡು ಕೆಲಸ, 30–40 ಸೆಕೆಂಡು ಬಿಡುವು, 6 ಸಲದ ಎರಡು ಸುತ್ತು. ಅಭ್ಯಾಸದ ಕೊನೆಗೆ ಅವರನ್ನು ಸುಸ್ತು ಮಾಡಿ ಹಾರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ದಣಿದ ಹುಡುಗ ಮೊಣಕೈ ಊರಿ ಬೀಳುತ್ತಾನೆ. ಬೀಳುವುದನ್ನು ಮೊದಲು ಕುಳಿತು, ಆಮೇಲೆ ಮಂಡಿಯೂರಿ, ಕೊನೆಗೆ ನಿಂತು ಕಲಿಸಿ. ಯೋ-ಯೋ ಅಂಕಿ ಕಡಿಮೆ ಎಂದು ಗೋಲ್‌ಕೀಪರನ್ನು ಹೆಚ್ಚುವರಿ ಓಡಿಸುವುದರಲ್ಲಿ ಅರ್ಥವಿಲ್ಲ. ಆದರೆ ನಾಲ್ವರ ಆಟದಲ್ಲಿ ವಾರಕ್ಕೊಮ್ಮೆ ಮೈದಾನದ ಆಟಗಾರನಾಗಿ ಆಡಲಿ, ಕಾಲಿನ ಆಟಕ್ಕೂ ಅದು ಬೇಕು. 13ರಲ್ಲಿ ಗೋಲ್‌ನಲ್ಲಿ ನಿಂತವನು 16ರಲ್ಲೂ ಅಲ್ಲೇ ಇರುತ್ತಾನೆ ಎಂದೇನಿಲ್ಲ.

ಅಂಕಿ ನೋಡಿ ಸ್ಥಾನ ಬದಲಿಸಬಹುದೇ ಎಂಬ ಮೂರನೇ ಪ್ರಶ್ನೆಗೆ ನನ್ನ ಉತ್ತರ ‘ಬೇಡ’ ಎಂದೇ. 2006ರಲ್ಲಿ ಇಟಲಿಯ ನಾಯಕನಾಗಿ ವಿಶ್ವಕಪ್ ಎತ್ತಿ ಅದೇ ವರ್ಷ ಬ್ಯಾಲನ್ ಡಿ'ಓರ್ (ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ) ಪಡೆದ ಫಾಬಿಯೊ ಕನ್ನವಾರೊ ಸೆಂಟರ್ ಬ್ಯಾಕ್, ಎತ್ತರ 1.76 ಮೀಟರ್ ಅಷ್ಟೇ. ಗ್ಯಾರೆತ್ ಬೇಲ್ ಎಡ ಬ್ಯಾಕ್ ಆಗಿ ಶುರು ಮಾಡಿ ವಿಂಗರ್ ಆದವನು. ಪರೀಕ್ಷೆಯ ಅಂಕಿ ಈ ತಿಂಗಳ ದೇಹವನ್ನು ಹೇಳುತ್ತದೆ. ಒಂದು ಸೀಸನ್‌ನಲ್ಲಿ ಪ್ರತಿ ಹುಡುಗನೂ ಕನಿಷ್ಠ ಎರಡು ಸ್ಥಾನದಲ್ಲಿ ಆಡಲಿ.

ಮಂಡಿ_ಹಿಮ್ಮಡಿ

ಫಿಸಿಯೊ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಎತ್ತರವನ್ನು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಬರಿಗಾಲಲ್ಲಿ ಅಳೆಯಿರಿ. ಸಂಜೆಗೆ ಬೆನ್ನುಮೂಳೆ ಕುಗ್ಗಿ ಎತ್ತರ ಒಂದು ಸೆಂ.ಮೀ.ನಷ್ಟು ಕಡಿಮೆ ತೋರುವುದುಂಟು, ಆದ್ದರಿಂದ ಹೊತ್ತು ಬದಲಿಸಬೇಡಿ. ಭರದ ಘಟ್ಟದಲ್ಲಿ ಹುಡುಗರು ವರ್ಷಕ್ಕೆ ಸುಮಾರು 9–10 ಸೆಂ.ಮೀ. ಬೆಳೆಯುತ್ತಾರೆ. ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದವನ ಹೆಸರಿಗೆ ಗುರುತು ಹಾಕಿ. ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಹೊಂದಿಕೊಳ್ಳದೆ, ಅದು ಅಂಟಿರುವ ಮೃದುವಾದ ಬೆಳವಣಿಗೆಯ ಜಾಗ ಎಳೆಯಲ್ಪಡುತ್ತದೆ. ಹಿಮ್ಮಡಿ ಹಿಂಭಾಗದಲ್ಲಿ ನೋವಾದರೆ ಸೀವರ್, ಮಂಡಿಯ ಕೆಳಗಿನ ಉಬ್ಬಿನಲ್ಲಾದರೆ ಆಸ್ಗುಡ್-ಶ್ಲಾಟರ್ ಎಂದು ಸಂಶಯ ಪಡಿ.

ಇದು ನಿಮ್ಮ ಪರೀಕ್ಷೆಗೂ ಸಂಬಂಧಿಸಿದ್ದು. ಘಟ್ಟದಲ್ಲಿರುವ ಹುಡುಗನಿಗೆ ಕೆಲವು ತಿಂಗಳು ಕೈಕಾಲು ಹತೋಟಿಗೆ ಸಿಗುವುದಿಲ್ಲ. ತಿರುವಿನ ಸಮಯ ಹಿಂದಿಗಿಂತ ಕೆಡಬಹುದು. ಅದನ್ನು ಸೋಮಾರಿತನ ಎಂದು ಬೈಯಬೇಡಿ. ಆ ಅವಧಿಯಲ್ಲಿ ಜಿಗಿತ ಮತ್ತು ಜೋರು ಬ್ರೇಕಿನ ಕೆಲಸವನ್ನು ಅರ್ಧಕ್ಕಿಳಿಸಿ, ಗಟ್ಟಿ ನೆಲ ಬಿಟ್ಟು ಹುಲ್ಲಿನ ಮೇಲೆ ಮಾಡಿಸಿ. ಚೆಂಡಿನ ಕೆಲಸ, ಒಂಟಿಕಾಲಿನ ಸಮತೋಲನ ಮುಂದುವರಿಯಲಿ. ಕುಂಟುವಷ್ಟು ನೋವಿದ್ದರೆ, ರಾತ್ರಿ ನೋವಿದ್ದರೆ ಅಥವಾ ಒಂದು ಕಡೆ ಊತವಿದ್ದರೆ ವೈದ್ಯರಿಗೆ ತೋರಿಸಬೇಕು.

ಬಲಬದಿ_ಕೋಚ್

ಹುಡುಗಿಯರ ತಂಡಕ್ಕೂ ಬೆಳವಣಿಗೆಯ ಘಟ್ಟದ ಇದೇ ಸೂತ್ರ ನಡೆಯುತ್ತದೆಯೇ? ಅದೇ ವಯೋಮಿತಿಯ ಇನ್ನೊಂದು ತಂಡವಿದೆ.

ದಮ್ಮು_ಮೀಟರ್

ಇಲ್ಲ, ಅವರಿಗೆ ಬೇರೆ: −7.709133 + 0.0042232 × (ವಯಸ್ಸು × ಎತ್ತರ). ಹುಡುಗಿಯರಲ್ಲಿ ಘಟ್ಟ ಸರಾಸರಿ 12ರ ಹತ್ತಿರ. 12.4 ವರ್ಷದ, 154 ಸೆಂ.ಮೀ. ಎತ್ತರದ ಹುಡುಗಿಗೆ ಉತ್ತರ +0.4, ಆಗಲೇ ದಾಟಿದ್ದಾಳೆ. ಹಾಗಾಗಿ 14ರೊಳಗಿನ ಹುಡುಗಿಯರಲ್ಲಿ ಬಹಳಷ್ಟು ಮಂದಿ ‘ದಾಟಿದವರು’ ಗುಂಪಿನಲ್ಲೇ ಇರುತ್ತಾರೆ. ಸ್ಥಾನಗಳ ಅಂತರದಲ್ಲಿ ಬೆಳವಣಿಗೆಯ ಪಾಲು ಹುಡುಗರಲ್ಲಿರುವಷ್ಟು ಇರುವುದಿಲ್ಲ, ಅಭ್ಯಾಸದ ಪಾಲು ಹೆಚ್ಚು ಕಾಣಬಹುದು.

ಅವರಲ್ಲಿ ಹೆಚ್ಚು ಗಮನ ಬೇಕಾದದ್ದು ಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು, ಅಂದರೆ ಎಸಿಎಲ್. ಘಟ್ಟದ ನಂತರ ಆ ಗಾಯದ ಅಪಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಜಿಗಿತದ ಪರೀಕ್ಷೆಯಲ್ಲಿ ಎತ್ತರದ ಜೊತೆಗೆ ಇಳಿಯುವುದನ್ನೂ ಮುಂದಿನಿಂದ ವೀಡಿಯೊ ಮಾಡಿ, ಇದಕ್ಕೆ ಬೇರೆ ಜಿಗಿತವೇ ಬೇಕು. ಸುಮಾರು 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆಯಿಟ್ಟು, ಎರಡೂ ಕಾಲಲ್ಲಿ ಇಳಿದು, ತಕ್ಷಣ ಮೇಲೆ ಜಿಗಿಯಲಿ. ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ, ಅವಳು ಯಾವ ಸ್ಥಾನದಲ್ಲೇ ಆಡಲಿ, 11+ನ ಜಿಗಿತದ ಭಾಗವನ್ನು ಮೊದಲ ಹಂತಕ್ಕೆ ಇಳಿಸಿ ಅಲ್ಲಿಂದಲೇ ಶುರು ಮಾಡಿಸಿ.